ಬಚ್ಚಲುಕೋಣೆ ಸೌನಾ ಆಗಲು ಹಿಡಿದ ಎಂಟು ತಿಂಗಳು

ಉಡುಪಿಯ ನಮ್ಮ ಹಳೆಯ ಮನೆಯ ಬಚ್ಚಲುಕೋಣೆಯನ್ನು ಸೌನಾ, ಅಂದರೆ ಒಣ ಬಿಸಿಯಲ್ಲಿ ಕೂತು ಬೆವರುವ ಕೋಣೆ, ಮಾಡುವ ಕೆಲಸವನ್ನು 2024ರ ದೀಪಾವಳಿ ಕಳೆದ ಮರುವಾರ ಆರಂಭಿಸಿ, 2025ರ ಜುಲೈಯಲ್ಲಿ ಮುಗಿಸಿದೆ. ಎರಡು ತಿಂಗಳಲ್ಲಿ ಆಗಿಬಿಡುತ್ತದೆ ಎಂದುಕೊಂಡದ್ದು ಎಂಟು ತಿಂಗಳು ಹಿಡಿಯಿತು. ಎರಡು ಲಕ್ಷದ ಅಂದಾಜು ಮೂರೂವರೆ ಲಕ್ಷಕ್ಕೆ ಹೋಗಿ ನಿಂತಿತು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದ ಅಭ್ಯಾಸಬಲದಿಂದ ದಿನದಿನದ ಖರ್ಚನ್ನೂ ಬಂದುಹೋದವರ ಮಾತನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನು ಈಗ ತಿರುವಿ ನೋಡಿದರೆ ನನ್ನ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಕಡೆಯಿಂದ ಹುಟ್ಟಿದವೆಂದು ಕಾಣುತ್ತದೆ: ಬಿಸಿಯನ್ನು ಒಳಗೆ ಹಿಡಿದಿಡುವುದು ಹೇಗೆಂದು ಹಗಲುರಾತ್ರಿ ಯೋಚಿಸಿದೆ, ಒದ್ದೆಯನ್ನು ಹೊರಗೆ ಕಳಿಸುವುದು ಹೇಗೆಂದು ಯೋಚಿಸಲೇ ಇಲ್ಲ. ಕರಾವಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ನನ್ನಷ್ಟು ಅಲೆಯಬಾರದೆಂದು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಸೌನಾದ ಹುಚ್ಚು ಹತ್ತಿದ್ದು ಫಿನ್‌ಲೆಂಡಿನ ಟಾಂಪೆರೆಯಲ್ಲಿ. ಮಗ ಅಲ್ಲಿ ಉದ್ಯೋಗದಲ್ಲಿದ್ದಾನೆ. 2024ರ ಬೇಸಿಗೆಯಲ್ಲಿ ಮೂರು ತಿಂಗಳು ಅವನ ಜೊತೆಗಿದ್ದೆ. ಅವನ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಒಂದು ಸೌನಾ ಇತ್ತು, ನಮ್ಮ ಸರದಿ ಶುಕ್ರವಾರ ಸಂಜೆ. ಒಮ್ಮೆ 1906ರಿಂದ ನಡೆಯುತ್ತಿರುವ ರಾಜಪೋರ್ತಿ ಎಂಬ ಸಾರ್ವಜನಿಕ ಸೌನಾಕ್ಕೂ ಕರೆದುಕೊಂಡು ಹೋದ. ಮರದ ಹಲಗೆ ಹೊಡೆದ ಕೋಣೆ, ಎತ್ತರದ ಮೆಟ್ಟಿಲಿನಂಥ ಆಸನ, ಮೂಲೆಯಲ್ಲಿ ಕಲ್ಲು ಹೇರಿದ ಒಲೆ. 80 ಡಿಗ್ರಿಯ ಆ ಒಣ ಬಿಸಿಯಲ್ಲಿ ಕೂತಿದ್ದಾಗ ಯಾರೋ ಒಂದು ಸೌಟು ನೀರನ್ನು ಕಲ್ಲಿನ ಮೇಲೆ ಎರಚಿದರು. ಚುಂಯ್ ಎಂದು ಎದ್ದ ಆವಿ ಮಾಡಿಗೆ ಬಡಿದು ಬೆನ್ನಿನ ಮೇಲೆ ಇಳಿಯಿತು. ಆ ಆವಿಗೇ ಅವರ ಭಾಷೆಯಲ್ಲಿ ಬೇರೆ ಹೆಸರಿದೆ, ಲೋಯ್ಲ್ಯು ಎಂದು. ನಮ್ಮಲ್ಲಿ ಆಯುರ್ವೇದದ ಸ್ವೇದನಕ್ಕೆ ಪೆಟ್ಟಿಗೆಯಲ್ಲಿ ಕೂತು ಬಂದವರು ಎರಡೂ ಒಂದೇ ಎಂದು ತಿಳಿಯುವುದುಂಟು. ಆದರೆ ಹಬೆಪೆಟ್ಟಿಗೆಯ ಬಿಸಿ 40–45 ಡಿಗ್ರಿಯ ಆಸುಪಾಸಿನದು, ಪೂರ್ತಿ ಒದ್ದೆಯದು. ಸೌನಾದ ಬಿಸಿ ಅದರ ಹೆಚ್ಚುಕಡಿಮೆ ಇಮ್ಮಡಿ, ಮೂಲದಲ್ಲಿ ಒಣಗಿದ್ದು, ಮಧ್ಯೆ ಮಧ್ಯೆ ಮಾತ್ರ ಆವಿ ಕಾಣುವಂಥದ್ದು. ಈ ವ್ಯತ್ಯಾಸವನ್ನು ಕೆಲಸದವರಿಗೆ ಮೊದಲ ದಿನವೇ ಬಿಡಿಸಿ ಹೇಳದಿದ್ದರೆ ಅವರು ನಿಮಗೆ ಹಬೆಕೋಣೆಯನ್ನೇ ಕಟ್ಟಿಕೊಡುತ್ತಾರೆ.

ನಮ್ಮ ಬಚ್ಚಲುಕೋಣೆ ಮನೆಯ ಹಿಂದೆ, ಪಶ್ಚಿಮಕ್ಕೆ, ಮುರಕಲ್ಲಿನ ಗೋಡೆ ಮತ್ತು ಹಂಚಿನ ಮಾಡಿನದು. ತಾಮ್ರದ ಹಂಡೆ, ಅದರ ಅಡಿಯಲ್ಲಿ ತೆಂಗಿನ ಸಿಪ್ಪೆ, ಕೊತ್ತಳಿಗೆ ಉರಿಸುವ ಒಲೆ, ನೆಲಕ್ಕೆ ಕಡಪ ಕಲ್ಲು. ಸೋಲಾರ್ ಬಂದ ಮೇಲೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮತ್ತು ಮರುದಿನದ ಎಣ್ಣೆಸ್ನಾನಕ್ಕೆ ಮಾತ್ರ ಅಲ್ಲಿ ಬೆಂಕಿ ಬೀಳುತ್ತಿತ್ತು. ಎಂಬತ್ತನಾಲ್ಕರ ಅಮ್ಮ ವಿಷಯ ಕೇಳಿ ಹೇಳಿದ್ದು ಒಂದೇ ಮಾತು: "ಬಚ್ಚಲ ನೀರು ಹೋಗದಿದ್ದರೆ ಬಸಳೆ ಚಪ್ಪರದ ಗತಿ ಏನು ಮಗಾ?" ಬಚ್ಚಲಿನ ತೋಡು ನೇರವಾಗಿ ಬಸಳೆ ಬುಡಕ್ಕೆ ಹೋಗುತ್ತಿತ್ತು. ಆ ಪ್ರಶ್ನೆಯಿಂದಲೇ ನಾನು ತೋಡನ್ನು ಮುಚ್ಚಿಸದೆ ಉಳಿಸಿದೆ, ಅದು ಒಳ್ಳೆಯದೇ ಆಯಿತು. ಸೌನಾದ ನೆಲಕ್ಕೆ ನೀರು ಬೀಳುತ್ತದೆ, ತೊಳೆಯಬೇಕಾಗುತ್ತದೆ. ಇಳಿಜಾರೂ ಹೊರಗಂಡಿಯೂ ಇಲ್ಲದ ನೆಲ ಮಾಡಿಸಬೇಡಿ.

ಸೌದೆಯ ಒಲೆಯನ್ನೇ ಇಡುವ ಆಸೆ ಇತ್ತು. ಹೊಗೆಕೊಳವೆಯನ್ನು ಹಂಚಿನ ನಡುವೆ ನೀರು ಸೋರದಂತೆ ಹೊರತರುವುದು, ನೆರೆಮನೆಯವರ ಕಿಟಕಿ, ಮಾಡಿನ ಪಕ್ಕಾಸಿಗೆ ಬೆಂಕಿ ತಾಗುವ ಭಯ, ಇವನ್ನೆಲ್ಲ ಯೋಚಿಸಿ ವಿದ್ಯುತ್ ಹೀಟರಿಗೆ ಬಂದೆ. ಹೀಟರಿನ ಗಾತ್ರದ ಲೆಕ್ಕ ಸರಳ: ಒಂದು ಘನ ಮೀಟರಿಗೆ ಸುಮಾರು ಮುಕ್ಕಾಲರಿಂದ ಒಂದು ಕಿಲೋವ್ಯಾಟ್. ನಮ್ಮ ಕೋಣೆಯೊಳಗೆ 2 ಮೀಟರ್ ಉದ್ದ, 1.8 ಅಗಲ, 2.1 ಎತ್ತರದ ಸೌನಾ ಕೂರುತ್ತಿತ್ತು, ಅಂದರೆ ಏಳೂವರೆ ಘನ ಮೀಟರ್. 5ರಿಂದ 8 ಘನ ಮೀಟರಿಗೆಂದು ಹೇಳುವ 6 ಕಿಲೋವ್ಯಾಟಿನ ಹೀಟರ್ ಸಾಕು. ಆದರೆ ನಾನು ಚಿತ್ರದಲ್ಲಿ ನೋಡಿ ಮನಸೋತಿದ್ದ ಪೂರ್ತಿ ಗಾಜಿನ ಬಾಗಿಲು ಈ ಲೆಕ್ಕವನ್ನು ಕೆಡಿಸಿತು. ಗಾಜು, ಬರಿಯ ಕಲ್ಲು, ಟೈಲು ಇಂಥ ಹೊದಿಕೆಯಿಲ್ಲದ ಮೈ ಪ್ರತಿ ಚದರ ಮೀಟರಿಗೆ 1.2 ಘನ ಮೀಟರಿನಷ್ಟು ಹೆಚ್ಚುವರಿ ಜಾಗವೆಂದು ಹಿಡಿಯಬೇಕಂತೆ. ಬಾಗಿಲು ಗಾಜಿನದಾದರೆ ಒಂಬತ್ತು ಘನ ಮೀಟರಿಗೆ ಸಮೀಪ, 8 ಕಿಲೋವ್ಯಾಟ್ ಬೇಕು. ಗಾಜನ್ನು ಬಿಟ್ಟೆ, ಮರದ ಬಾಗಿಲಿಗೆ ಮುಖದಗಲದ ಕಿಂಡಿ ಮಾತ್ರ ಇಟ್ಟೆ. ಕಲ್ಲು, ನಿಯಂತ್ರಣ ಪೆಟ್ಟಿಗೆ, ಜಿಎಸ್‌ಟಿ ಎಲ್ಲ ಸೇರಿ ಹೀಟರಿಗೆ 72,500 ರೂಪಾಯಿ ಬಿತ್ತು.

ಇನ್ನು ಕಾಗದಪತ್ರ. 6 ಕಿಲೋವ್ಯಾಟ್ ಹೀಟರ್ 230 ವೋಲ್ಟಿನ ಒಂದೇ ಫೇಸಿನಲ್ಲಿ 26 ಆಂಪಿಯರ್ ಎಳೆಯುತ್ತದೆ. ನಮ್ಮ ಮನೆಗಿದ್ದದ್ದು ಅಪ್ಪನ ಕಾಲದ ಸಿಂಗಲ್ ಫೇಸ್, ಮಂಜೂರಾದ ಲೋಡ್ 3 ಕಿಲೋವ್ಯಾಟ್. ತ್ರೀ ಫೇಸ್ ಮಾಡಿಸದೆ ಗತ್ಯಂತರವಿರಲಿಲ್ಲ. ಅರ್ಜಿ ಬರೆಯಲು ಕೂತಾಗಲೇ ನಮ್ಮದೇ ಸೋಮಾರಿತನ ಎದುರಿಗೆ ಬಂತು: ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆ ಇನ್ನೂ ಅಪ್ಪನ ಹೆಸರಿನಲ್ಲಿತ್ತು, ಅಪ್ಪ ತೀರಿಕೊಂಡು ಹದಿಮೂರು ವರ್ಷವಾಗಿತ್ತು. ಬೇರೆಯವರ ಸಾಲದ ಕಡತಗಳಲ್ಲಿ ಇಂಥ ಲೋಪಕ್ಕೆ ಕೆಂಪು ಶಾಯಿಯಲ್ಲಿ ಗೀಟು ಹಾಕಿದವನು ನಾನೇ. ಮೊದಲು ಹೆಸರು ಬದಲಾವಣೆ, ಆಮೇಲೆ ಲೋಡ್ ಹೆಚ್ಚಳ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಖಾತೆ, ತೆರಿಗೆ ರಶೀದಿ, ಆಧಾರ್, ಛಾಪಾ ಕಾಗದದ ಮೇಲೆ ಮುಚ್ಚಳಿಕೆ, ಉಳಿದ ವಾರಸುದಾರರ ಒಪ್ಪಿಗೆ. ಅಕ್ಕ ಡೊಂಬಿವಲಿಯಲ್ಲಿದ್ದಾಳೆ, ಅವಳ ಒಪ್ಪಿಗೆಪತ್ರ ಅಲ್ಲಿ ನೋಟರಿಯ ಮುಂದೆ ಆಗಿ, ಕೊರಿಯರಿನಲ್ಲಿ ಬಂದು, ಅದರಲ್ಲಿ ಅವಳ ಹೆಸರು ಮದುವೆಯ ಮುಂಚಿನದೋ ಅನಂತರದ್ದೋ ಎಂಬ ಗೊಂದಲದಿಂದ ಮತ್ತೆ ಹೋಗಿ ಬರುವಷ್ಟರಲ್ಲಿ ಡಿಸೆಂಬರ್ ಹೋಗಿ ಫೆಬ್ರವರಿ ಬಂತು. "ನೀನು ಬೆವರುವುದಕ್ಕೆ ನಾನು ಸಹಿ ಹಾಕಬೇಕಾ?" ಎಂದು ಫೋನಿನಲ್ಲಿ ನಕ್ಕಳು.

ಇಲ್ಲಿ ನಿಮಗೊಂದು ಮಾತು: ಮರ, ಹೀಟರ್ ಯಾವುದಕ್ಕೂ ಮುಂಗಡ ಕೊಡುವ ಮೊದಲು ನಿಮ್ಮ ವಿದ್ಯುತ್ ಬಿಲ್ಲನ್ನು ಕೈಯಲ್ಲಿ ಹಿಡಿದು ಅದರಲ್ಲಿರುವ ಹೆಸರನ್ನೂ ಲೋಡನ್ನೂ ಓದಿಕೊಳ್ಳಿ. ನಾನು ಕಾಗದ ಕೈಗೆ ಬರುವ ಮೊದಲೇ ಹೀಟರ್ ತರಿಸಿ ಉಗ್ರಾಣದಲ್ಲಿಟ್ಟೆ. ಅದರ ಫಲವನ್ನು ಮುಂದೆ ಹೇಳುತ್ತೇನೆ. ಠೇವಣಿ, ಶುಲ್ಕಗಳಿಗೆ 9,400 ರೂಪಾಯಿ ಆಯಿತು. ಪರವಾನಗಿ ಇರುವ ಗುತ್ತಿಗೆದಾರರಿಂದ ಹೊಸ ಅರ್ಥಿಂಗ್ ಗುಂಡಿ, ಪ್ರತ್ಯೇಕ ತಂತಿ, ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಇಎಲ್‌ಸಿಬಿ ಇವಕ್ಕೆ 31,000. ಹೀಟರಿನ ಸಮೀಪ ಮಾಮೂಲಿ ಪಿವಿಸಿ ತಂತಿ ನಡೆಯುವುದಿಲ್ಲ, ಬಿಸಿ ತಾಳುವ ಸಿಲಿಕೋನ್ ಹೊದಿಕೆಯ ತಂತಿಯೇ ಬೇಕು. ಅದು ಉಡುಪಿಯಲ್ಲಿ ಸಿಗದೆ ಬೆಂಗಳೂರಿನಿಂದ ತರಿಸಬೇಕಾಯಿತು. ಏಪ್ರಿಲ್ ಕೊನೆಗೆ ತ್ರೀ ಫೇಸ್ ಮೀಟರ್ ಗೋಡೆಗೆ ಬಂತು.

ಕಾಗದಕ್ಕಾಗಿ ಕಾಯುತ್ತಿದ್ದ ಆ ತಿಂಗಳುಗಳಲ್ಲಿ ಸುಮ್ಮನೆ ಕೂರದೆ ಒಂದು ದೊಡ್ಡ ತಪ್ಪು ಮಾಡಿದೆ. ಒಳಾಂಗಣ ಅಲಂಕಾರದ ಕೆಲಸದವರೊಬ್ಬರು ಬಂದು, ಗೋಡೆಗೆ ಥರ್ಮಕೋಲ್ ಹಾಳೆ ಅಂಟಿಸಿ ಅದರ ಮೇಲೆ ಪ್ಲೈವುಡ್ ಹೊಡೆದರೆ ಬಿಸಿ ಎಲ್ಲೂ ಹೋಗುವುದಿಲ್ಲ ಎಂದರು. ಶೀತಲ ಕೋಣೆಗಳನ್ನು ಅವರು ಹಾಗೆಯೇ ಮಾಡಿದ್ದರಂತೆ. ಎರಡು ಗೋಡೆ ಮುಗಿದ ಮೇಲೆ ಹೆಮ್ಮೆಯಿಂದ ಮಗನಿಗೆ ವಿಡಿಯೊ ಕರೆಯಲ್ಲಿ ತೋರಿಸಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪ, ಅದು ಕರಗುತ್ತದೆ" ಎಂದ. ಥರ್ಮಕೋಲ್ 80 ಡಿಗ್ರಿಯ ಹೊತ್ತಿಗೆ ಮೆತ್ತಗಾಗತೊಡಗುತ್ತದೆ. ಸೌನಾದ ಮಾಡಿನ ಅಡಿಯಲ್ಲಿ ಅದಕ್ಕಿಂತ ಹೆಚ್ಚು ಬಿಸಿ ಇರುತ್ತದೆ. ಪ್ಲೈವುಡ್ಡಿನ ಅಂಟು ಬಿಸಿಗೆ ಬಿಡುವ ಹವೆ ಉಸಿರಿಗೆ ಒಳ್ಳೆಯದಲ್ಲ. ಎಲ್ಲವನ್ನೂ ಕಿತ್ತೆವು. 18,600 ರೂಪಾಯಿ ನೋಟ್‌ಬುಕ್ಕಿನ ಆ ಪುಟದಲ್ಲಿ ಹಾಗೆಯೇ ಇದೆ. ಕಿತ್ತಾಗ ಕಂಡದ್ದು ಇನ್ನೊಂದು: ಥರ್ಮಕೋಲಿನ ಹಿಂದೆ ಮುರಕಲ್ಲು ಬೆವರಿ ಒದ್ದೆಯಾಗಿತ್ತು, ಮೂಲೆಯಲ್ಲಿ ಒರಲೆ ಸಣ್ಣಗೆ ಮಣ್ಣಿನ ಗೀಟು ಎಳೆದಿತ್ತು. ಮುರಕಲ್ಲು ರಂಧ್ರಗಳ ಕಲ್ಲು. ನೀರು ಕುಡಿಯುತ್ತದೆ, ಗಾಳಿ ಸಿಕ್ಕಿದರೆ ಬಿಡುತ್ತದೆ. ಅದರ ಬಾಯಿ ಮುಚ್ಚಿದ್ದೆವು.

ಎರಡನೆಯ ಸಲ ಕೆಲಸ ಹಿಡಿದವರು ಹಿರಿಯಡ್ಕ ಕಡೆಯ ಒಬ್ಬ ಹಿರಿಯ ಆಚಾರ್ರು. ಸೌನಾ ಎಂಬ ಹೆಸರನ್ನೇ ಕೇಳಿರದಿದ್ದ ಅವರು ಗೋಡೆ ಮುಟ್ಟಿ ನೋಡಿ, "ಇದಕ್ಕೆ ಉಸಿರಾಡಲು ಜಾಗ ಬಿಡಬೇಕು ಸಾರ್" ಎಂದು ತುಳುವಿನಲ್ಲಿ ಹೇಳಿದರು. ಮೊದಲು ಒರಲೆಗೆ ಮದ್ದು ಹೊಡೆಸಿ, ಗೋಡೆಯಿಂದ ಒಂದು ಇಂಚು ಬಿಟ್ಟು ಚೌಕಟ್ಟು ನಿಲ್ಲಿಸಿ, ಅದರೊಳಗೆ ಕಲ್ಲುನಾರಿನ ಹಾಸು ತುಂಬಿದೆವು. ಗೋಡೆಗೆ 50 ಮಿಲಿಮೀಟರ್, ಮೇಲ್ಭಾಗಕ್ಕೆ 100. ಅಂಗಡಿಯಲ್ಲಿ ರಾಕ್‌ವೂಲ್ ಎಂದು ಕೇಳಿದರೆ ಸಿಗುತ್ತದೆ. ಕೈಗವಸು, ಮುಖವಸ್ತ್ರ ಇಲ್ಲದೆ ಮುಟ್ಟಬೇಡಿ, ಎರಡು ದಿನ ತುರಿಸುತ್ತದೆ. ಅದರ ಮೇಲೆ, ಅಂದರೆ ಬಿಸಿಯ ಕಡೆಗೆ, ಅಲ್ಯೂಮಿನಿಯಂ ಹಾಳೆ. ಸಂದುಗಳಿಗೆಲ್ಲ ಅದೇ ಲೋಹದ ಅಂಟುಪಟ್ಟಿ. ಹಾಸು, ಹಾಳೆಗೆ 14,200. ಹಾಳೆಯ ಮೇಲೆ ರೀಪು ಹೊಡೆದು, ಆ ರೀಪಿನ ಮೇಲೆ ಹಲಗೆ. ಹಾಳೆಗೂ ಹಲಗೆಗೂ ನಡುವೆ ರೀಪಿನ ದಪ್ಪದಷ್ಟು ಗಾಳಿ ಆಡುತ್ತದೆ.

ಹಲಗೆಯ ಮರದ ಬಗ್ಗೆ ಆಚಾರ್ರಿಗೂ ನನಗೂ ಒಂದು ವಾರ ಜಗ್ಗಾಟ ನಡೆಯಿತು. ಅವರಿಗೆ ಹಲಸು ಅಥವಾ ಸಾಗುವಾನಿ ಬಿಟ್ಟು ಮರವೇ ಇಲ್ಲ. ಗಟ್ಟಿಯಾದ, ತೂಕದ ಮರ ಬಿಸಿಯನ್ನು ಮೈಗೆ ಬೇಗ ದಾಟಿಸುತ್ತದೆ, ಕೂತರೆ ಸುಡುತ್ತದೆ ಎಂದರೆ ನಂಬಲಿಲ್ಲ. ಕೊನೆಗೆ ಅಂಗಳದ ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಹಲಸಿನ ತುಂಡನ್ನೂ ಮಾದರಿಗೆ ತಂದಿದ್ದ ಹೆಮ್‌ಲಾಕ್ ತುಂಡನ್ನೂ ಎರಡು ಗಂಟೆ ಇಟ್ಟು, ಎರಡರ ಮೇಲೂ ಅಂಗೈ ಊರಿಸಿದೆ. ಅವರು ಕೈ ತೆಗೆದು, ಮತ್ತೊಮ್ಮೆ ಇಟ್ಟು ನೋಡಿ, "ಆಯಿತು, ನಿಮ್ಮ ಬಿಳಿ ಮರವೇ ಆಗಲಿ" ಎಂದರು. ಹೆಮ್‌ಲಾಕ್ ಕೆನಡಾದಿಂದ ಬರುವ, ಅಂಟು ಸುರಿಯದ ಹಗುರ ಮರ. ಮಾಮೂಲಿ ಪೈನ್ ಆದರೆ ಗಂಟುಗಳಿಂದ ಬಿಸಿ ಅಂಟು ಒಸರಿ ಬೆನ್ನಿಗೆ ಹತ್ತುತ್ತದೆ. ಮಂಗಳೂರಿನ ಒಂದು ಮರದ ಯಾರ್ಡಿನ ಮೂಲಕ ತರಿಸಿದ್ದಕ್ಕೆ ಸಾಗಣೆ ಸೇರಿ 1,18,000 ಆಯಿತು, ಇಡೀ ಕೆಲಸದಲ್ಲಿ ಇದೇ ದೊಡ್ಡ ಮೊತ್ತ. ಅದಕ್ಕೆ ವಾರ್ನಿಷ್, ಪಾಲಿಶ್ ಏನನ್ನೂ ಬಳಿಯಬಾರದು.

ಮರ ಲಾರಿಯಿಂದ ಇಳಿದದ್ದು ಮೇ 22ಕ್ಕೆ. ಜೂನ್ ಮೊದಲ ವಾರದ ಮಳೆಗೆ ಮುಂಚೆ ಹೊಡೆದು ಮುಗಿಸುವ ಲೆಕ್ಕ. ಆದರೆ 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ನಮ್ಮ ಕರಾವಳಿಗೂ ಅದರ ಬೆನ್ನಿಗೇ ಸುರಿಯಿತು. ತೇವ ಅಳೆಯುವ ಮುಳ್ಳಿನ ಮೀಟರನ್ನು ಇಳಿಸಿದ ದಿನ ಮರಕ್ಕೆ ಚುಚ್ಚಿದಾಗ ಶೇಕಡಾ 12 ತೋರಿಸಿದ್ದು ಒಂದು ವಾರದಲ್ಲಿ 17ಕ್ಕೆ ಏರಿತು. ಪಡಸಾಲೆಯ ಸಾಮಾನನ್ನೆಲ್ಲ ಸರಿಸಿ, ಪ್ರತಿ ಸಾಲಿಗೂ ರೀಪಿನ ತುಂಡು ಕೊಟ್ಟು ಹಲಗೆಗಳನ್ನು ಅಟ್ಟಿ ಹಾಕಿ, ಕಿಟಕಿ ಮುಚ್ಚಿ, ಹದಿನಾರು ದಿನ ರಾತ್ರಿ ಹಗಲು ಫ್ಯಾನ್ ತಿರುಗಿಸಿದೆ. ಮನೆಗೆ ಬಂದವರು ಚಪ್ಪಲಿ ಬಿಟ್ಟು ಮರದ ಅಟ್ಟಿಯ ಸುತ್ತು ಬಳಸಿ ಅಡುಗೆಮನೆಗೆ ಹೋಗಿ ಕೂರುತ್ತಿದ್ದರು. ಮೀಟರ್ 14ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆಚಾರ್ರು ಒಂದು ಹಲಗೆಯ ನಾಲಗೆ ಇನ್ನೊಂದರ ಸೀಳಿನೊಳಗೆ ಪೂರ್ತಿ ಕೂರುವಂತೆ ಬಿಗಿದು ಹೊಡೆದರು; ಮುಂದೆ ಬಿಸಿಗೆ ಒಣಗಿ ಹಲಗೆ ಕುಗ್ಗಿದರೂ ನಾಲಗೆ ಸೀಳಿನಿಂದ ಹೊರಬಾರದಷ್ಟು ಉದ್ದವಿರಬೇಕೆಂದು. ಇವತ್ತು ಅಲ್ಲಲ್ಲಿ ಎರಡು ಮಿಲಿಮೀಟರ್ ಬಿರುಕು ಕಾಣುತ್ತದೆ, ಹಾಳೆ ಕಾಣುವುದಿಲ್ಲ. ನಿಮಗೆ ಸಾಧ್ಯವಿದ್ದರೆ ಮರದ ಕೆಲಸವನ್ನು ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಆಚಾರ್ರು ಮತ್ತು ಸಹಾಯಕರ ಇಪ್ಪತ್ತಾರು ದಿನದ ಕೂಲಿ 59,800. ಗಾರೆ ಮತ್ತು ನೆಲದ ಕೆಲಸಕ್ಕೆ 27,000.

ಬಾಗಿಲಿನ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. ಸೌನಾದ ಬಾಗಿಲು ಹೊರಕ್ಕೆ ತೆರೆಯಬೇಕು, ಅದಕ್ಕೆ ಚಿಲಕ, ಬೀಗ ಯಾವುದೂ ಇರಬಾರದು. ತಲೆ ತಿರುಗಿದವರು ಮೈಭಾರ ಹಾಕಿದರೂ ತೆರೆದುಕೊಳ್ಳಬೇಕು. ಇಷ್ಟು ಹೇಳಿದ್ದರೂ ಆಚಾರ್ರು ಸಂಜೆ ಹೋಗುವ ಮುಂಚೆ ಕೈಚಳಕಕ್ಕೆ ಒಂದು ಹಿತ್ತಾಳೆ ಬೋಲ್ಟ್ ಕೂರಿಸಿಯೇ ಬಿಟ್ಟಿದ್ದರು, ಬಚ್ಚಲಿಗೆ ಬೋಲ್ಟಿಲ್ಲದಿದ್ದರೆ ಹೇಗೆಂದು. ತೆಗೆಸಿ ಅಯಸ್ಕಾಂತದ ಹಿಡಿಕೆ ಹಾಕಿಸಿದೆ. ಮಳೆಗಾಲದಲ್ಲಿ ನಮ್ಮೂರಿನ ಬಾಗಿಲುಗಳೆಲ್ಲ ಉಬ್ಬಿ ಚೌಕಟ್ಟಿಗೆ ಹಿಡಿದುಕೊಳ್ಳುವುದು ಎಲ್ಲರಿಗೂ ಗೊತ್ತು, ಸೌನಾದಲ್ಲಿ ಅದು ಪ್ರಾಣಕ್ಕೆ ಬರಬಹುದು. ಸುತ್ತಲೂ ಐದಾರು ಮಿಲಿಮೀಟರ್ ಸಡಿಲ, ಅಡಿಯಲ್ಲಿ ಎರಡು ಇಂಚು ತೆರವು ಬಿಡಿಸಿದೆ. ಆಸನದ ತಿರುಪುಮೊಳೆಗಳನ್ನು ಅಡಿಯಿಂದ ಹೊಡೆಸಿ. ಮೇಲಿನಿಂದ ಹೊಡೆದರೆ ಕಾದ ಮೊಳೆಯ ತಲೆ ತೊಡೆಗೆ ಬರೆ ಎಳೆಯುತ್ತದೆ. ಮೇಲಿನ ಆಸನ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದೆ, ಬಿಸಿ ಎಲ್ಲ ಮೇಲೆಯೇ ಇರುವುದರಿಂದ ಅದಕ್ಕಿಂತ ತಗ್ಗಿಸಿದರೆ ಕಾಲು ತಣ್ಣಗೆ ಉಳಿಯುತ್ತದೆ.

ಹೀಟರಿನ ಜೊತೆ ಬಂದಿದ್ದ 20 ಕಿಲೋ ಕಲ್ಲಿನ ಪೆಟ್ಟಿಗೆ ನೋಡಿ ಸಹಾಯಕ ಹುಡುಗನಿಗೆ ನಗು ತಡೆಯಲಾಗಲಿಲ್ಲ. ಕಲ್ಲನ್ನು ದುಡ್ಡು ಕೊಟ್ಟು ತರಿಸಿದ್ದೇ ಎಂದು. ಮರುದಿನ ಸ್ವರ್ಣಾ ನದಿಯಿಂದ ನಯವಾದ ಕಪ್ಪು ಕಲ್ಲುಗಳನ್ನು ಚೀಲ ತುಂಬ ತಂದ. ಪರೀಕ್ಷೆಗೆಂದು ಅಂಗಳದಲ್ಲಿ ಇಟ್ಟಿಗೆ ಒಲೆ ಹೂಡಿ ಅವುಗಳಲ್ಲಿ ನಾಲ್ಕನ್ನು ಕೆಂಡದ ಮೇಲಿಟ್ಟೆವು. ಕಾಲು ಗಂಟೆಯೊಳಗೆ ಒಂದು ಕಲ್ಲು ಗರ್ನಾಲಿನಂತೆ ಸಿಡಿದು, ಅಂಗೈ ಅಗಲದ ಚಕ್ಕೆ ತುಳಸಿಕಟ್ಟೆಗೆ ಹೋಗಿ ಬಡಿಯಿತು. ಹೊಳೆಯ ಕಲ್ಲಿನೊಳಗೆ ಸೇರಿರುವ ನೀರು ಆವಿಯಾಗಿ ದಾರಿ ಹುಡುಕುವ ಪರಿ ಅದು. ಪೆಟ್ಟಿಗೆಯ ಕಲ್ಲನ್ನೇ ತೊಳೆದು, ಗಾಳಿ ಆಡುವಂತೆ ಸಡಿಲವಾಗಿ ಪೇರಿಸಿದೆವು.

ಜುಲೈ ಮೊದಲ ವಾರ, ಧಾರಾಕಾರ ಮಳೆ. ಸ್ವಿಚ್ ಹಾಕಿದ ಎರಡು ನಿಮಿಷಕ್ಕೆ ಇಎಲ್‌ಸಿಬಿ ಬಿತ್ತು. ಎತ್ತಿದೆವು, ಮತ್ತೆ ಬಿತ್ತು. ನಾಲ್ಕನೆಯ ಸಲಕ್ಕೆ ನನ್ನ ಎದೆಯೂ ಬಿತ್ತು. ಗುತ್ತಿಗೆದಾರರು ಸೋರಿಕೆ ಪತ್ತೆಹಚ್ಚುವ ಮೆಗ್ಗರ್ ಮೀಟರ್ ಹಿಡಿದು ನೋಡಿ, ತಂತಿ ಸರಿಯಿದೆ, ಹೀಟರಿನೊಳಗೇ ಸೋರಿಕೆ ಇದೆ ಎಂದರು. ವಾಪಸು ಕಳಿಸುವ ಯೋಚನೆಯಲ್ಲಿದ್ದಾಗ ಕೈಪಿಡಿಯ ಕೊನೆಯ ಪುಟಗಳಲ್ಲಿ ಕಾರಣ ಸಿಕ್ಕಿತು. ಸುರುಳಿಯ ಸುತ್ತ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ, ದಾಸ್ತಾನಿನಲ್ಲಿರುವಾಗ ಗಾಳಿಯ ತೇವ ಹೀರಿಕೊಳ್ಳುತ್ತದೆ. ಕೆಲವು ಸಲ ಕಾಯಿಸಿದರೆ ಆ ತೇವ ಹೋಗುತ್ತದೆ. ನಮ್ಮ ಹೀಟರ್ ಎರಡೂವರೆ ತಿಂಗಳು ಉಗ್ರಾಣದಲ್ಲಿ, ಅದರಲ್ಲಿ ಒಂದೂವರೆ ತಿಂಗಳು ಮಳೆಯ ಹವೆಯಲ್ಲಿ ಕೂತಿತ್ತು. ಗುತ್ತಿಗೆದಾರರು ಕೈಪಿಡಿ ಓದಿ, ತಮ್ಮ ಜವಾಬ್ದಾರಿಯಲ್ಲಿ, ಒಳಗೆ ಯಾರೂ ಇಲ್ಲದಂತೆ, ನೀರು ಮುಟ್ಟಿಸದೆ ಮೂರು ಸುತ್ತು ಕಾಯಿಸಿದರು. ಆಮೇಲೆ ಇಎಲ್‌ಸಿಬಿ ಬೀಳಲಿಲ್ಲ. ಇದನ್ನು ನೀವಾಗಿಯೇ ಮಾಡಲು ಹೋಗಬೇಡಿ, ಇಎಲ್‌ಸಿಬಿ ತಪ್ಪಿಸಿ ಶಾಶ್ವತವಾಗಿ ತಂತಿ ಕೊಡುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ರಕ್ತದೊತ್ತಡದ ಮಾತ್ರೆ ತಿನ್ನುವವನಾದ್ದರಿಂದ ಮೊದಲೇ ವೈದ್ಯರನ್ನು ಕೇಳಿಕೊಂಡಿದ್ದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು, ಥಟ್ಟನೆ ಎದ್ದು ನಿಲ್ಲಬಾರದು, ಮೊದಲೂ ಆಮೇಲೂ ನೀರು ಕುಡಿಯಬೇಕು, ಮದ್ಯ ಮುಟ್ಟಿದ ದಿನ ಹತ್ತಿರ ಸುಳಿಯಬಾರದು ಎಂದಿದ್ದರು. ಮೊದಲ ದಿನ ಒಳಗೆ ಹೋದಾಗ ಗೋಡೆಯ ತೇವಮಾಪಕ ಶೇಕಡಾ 88 ತೋರಿಸುತ್ತಿತ್ತು. ಮುಕ್ಕಾಲು ಗಂಟೆ ಕಾದು 80 ಡಿಗ್ರಿಯಾದಾಗ ಮುಳ್ಳು ಹತ್ತರ ಹತ್ತಿರ ಬಂದಿತ್ತು. ಗಾಳಿಯಲ್ಲಿದ್ದ ನೀರು ಅಷ್ಟೇ, ಬಿಸಿ ಗಾಳಿಯ ಹಸಿವು ಮಾತ್ರ ಹೆಚ್ಚಿದ್ದು. ಮೇ ತಿಂಗಳಿನಿಂದ ಮೈಗೆ ಅಂಟಿಕೊಂಡಿದ್ದ ಜಿಗುಟು ಕಳಚಿದಂತಾಯಿತು. ಹೊರಗೆ ಬಂದು, ಈಗ ತಣ್ಣೀರು ತುಂಬಿಡುವ ಅದೇ ತಾಮ್ರದ ಹಂಡೆಯಿಂದ ನಾಲ್ಕು ಚೊಂಬು ಸುರಿದುಕೊಂಡೆ. ನೀರು ಬಸಳೆ ಬುಡಕ್ಕೆ ಹೋಯಿತು.

ಮೂರನೆಯ ವಾರ ಕೆಳಗಿನ ಆಸನದ ಅಡಿಯಲ್ಲಿ ಕೈಯಾಡಿಸಿದಾಗ ಬೆರಳಿಗೆ ಕಪ್ಪು ಬೂಷ್ಟು ಹತ್ತಿತು. ಹೀಟರಿನ ಬಳಿ ಗಾಳಿ ಒಳಬರುವ ಕಿಂಡಿ, ಎದುರು ಗೋಡೆಯ ಕೆಳಭಾಗದಲ್ಲಿ ಹೊರಹೋಗುವ ಕಿಂಡಿ ಎರಡೂ ಇದ್ದವು; ಸ್ನಾನ ಮುಗಿದ ಮೇಲೆ ತೆರೆಯಬೇಕಾದ, ಮೇಲ್ಗಡೆಯ ಕಿಂಡಿಯನ್ನು ನಾನು ಬಿಸಿ ಸೋರೀತೆಂದು ಬೇಡವೆಂದಿದ್ದೆ. ಹೊಚ್ಚ ಹೊಸ ಹಲಗೆಯನ್ನು ಕೊರೆದು, ಮಾಡಿನ ಅಡಿಯಲ್ಲಿ ನಾಲ್ಕಿಂಚಿನ ತೂತು ಮಾಡಿಸಿ, ಜಾರುಮುಚ್ಚಳ ಹಾಕಿಸುವಾಗ ಆಚಾರ್ರು ಏನೂ ಅನ್ನಲಿಲ್ಲ. ಈಗ ಸ್ನಾನವಾದ ಮೇಲೆ ಆ ಕಿಂಡಿ ತೆಗೆದು, ಬಾಗಿಲು ಓರೆ ಮಾಡಿ, ಹೀಟರನ್ನು ಇನ್ನೂ ಇಪ್ಪತ್ತು ನಿಮಿಷ ಉರಿಯಲು ಬಿಡುತ್ತೇನೆ. ಮಳೆ ಬಡಿಯುವ ಪಡುಗೋಡೆಗೆ ಹೊರಗಿನಿಂದ, ಅಪ್ಪ ಕಟ್ಟಿಸುತ್ತಿದ್ದ ಹಾಗೆಯೇ, ಮಡಲಿನ ತಟ್ಟಿ ಕಟ್ಟಿಸಿದ್ದೇನೆ. ಬೂಷ್ಟು ಮತ್ತೆ ಬಂದಿಲ್ಲ. ಒಣಗಿಸುವುದೂ ಸೇರಿ ಒಂದು ಸಲಕ್ಕೆ ಎಂಟು ಯೂನಿಟ್ಟಿನಷ್ಟು ಹೋಗುತ್ತದೆ. ಸರಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿರುವವರು ಗಮನಿಸಬೇಕು: ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ನಮ್ಮ ಮನೆಯ ಬಳಕೆ 130ರ ಸುತ್ತ. ಆದ್ದರಿಂದ ವಾರಕ್ಕೆ ಎರಡೇ ಸಲ, ಬುಧವಾರ ಮತ್ತು ಶನಿವಾರ. 200ರೊಳಗೇ ಉಳಿದು, ನಮ್ಮ ಮನೆಗೆ ಗೊತ್ತುಮಾಡಿದ ಉಚಿತ ಮಿತಿಗಿಂತ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ ತೆರುತ್ತೇನೆ.

ಅಮ್ಮ ಈವರೆಗೆ ಒಳಗೆ ಕೂತಿಲ್ಲ, ನಾನೂ ಒತ್ತಾಯಿಸಿಲ್ಲ. ಆದರೆ ಕಳೆದ ಗುರುವಾರ ಬೆಳಿಗ್ಗೆ ಬಾಗಿಲು ತೆರೆದಾಗ ಒಳಗಿನ ಹಲಗೆಗಳ ಮೇಲೆ ಅವಳ ಎರಡು ಹತ್ತಿ ಸೀರೆಗಳು ಗರಿಗರಿಯಾಗಿ ಒಣಗಿದ್ದವು, ಕೆಳಗಿನ ಆಸನದ ಮೇಲೆ ಒಂದು ಗೆರಸೆಯಲ್ಲಿ ಒಡೆದ ತೆಂಗಿನಕಾಯಿ ಹೋಳುಗಳಿದ್ದವು. ಗೆರಸೆ ಎತ್ತಿ ನೋಡಿದೆ. 1,18,000 ರೂಪಾಯಿಯ ಬಿಳಿ ಮರದ ಮೇಲೆ ಎಣ್ಣೆಯ ಉರುಟು ಗುರುತು ಬಿದ್ದಿತ್ತು. ಗೆರಸೆಯ ಅಡಿಗೆ ಒಂದು ಬಾಳೆ ಎಲೆ ಹಾಸಿ ಅಲ್ಲಿಯೇ ಇಟ್ಟು ಬಂದೆ.